ಲೂಯಿಸ್ ಊರಿನ ನವೆಂಬರ್ 5: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಶುರುವಾಯಿತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜುಗಳು ಬರತೊಡಗುತ್ತವೆ. ಲಂಡನ್, ರೆಡಿಂಗ್, ಮಿಲ್ಟನ್ ಕೀನ್ಸ್ ಕಡೆಯ ಕನ್ನಡದ ಗೆಳೆಯರು, ಅವರ ಗೆಳೆಯರು, ಈ ವರ್ಷವಷ್ಟೇ ಓದಲು ಬಂದಿಳಿದ ಯಾರದೋ ತಮ್ಮ. "ನಿಮ್ಮೂರಲ್ಲಿ ಅದೇನೋ ಬೆಂಕಿ ಹಬ್ಬ ಆಗುತ್ತಂತಲ್ಲ, ಬರಬಹುದಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. 11 ವರ್ಷದಿಂದ ಈ ಊರಲ್ಲಿದ್ದೇನೆ, 8 ವರ್ಷದಿಂದ ಒಂದು ಬಾನ್‌ಫೈರ್ ಸೊಸೈಟಿಯ, ಅಂದರೆ ಈ ಬೆಂಕಿ ಹಬ್ಬ ನಡೆಸುವ ಸಂಘವೊಂದರ, ಸದಸ್ಯೆ. ಹಾಗಾಗಿ ಇಲ್ಲಿ ಮಾಹಿತಿಯ ಜೊತೆ ನನ್ನ ಅಭಿಮಾನವೂ ಸೇರಿಕೊಂಡಿದೆ.

ಊರಿನ ಹೆಸರು ಹೇಗೆ ಹೇಳಬೇಕು? ಎಲ್ಲಿದೆ ಇದು?

ಲೂಯಿಸ್. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಹೊಸಬರು "ಲ್ಯೂಸ್" ಅನ್ನುತ್ತಾರೆ, ನಾನೂ ಮೊದಲು ಹಾಗೇ ಅನ್ನುತ್ತಿದ್ದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹತ್ತಿರ, ಈಸ್ಟ್ ಸಸೆಕ್ಸ್ ಕೌಂಟಿಯ ಕೇಂದ್ರ ಪಟ್ಟಣ. ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಿಂದ ರೈಲಿನಲ್ಲಿ ಸುಮಾರು ಒಂದು ತಾಸು, ಬ್ರೈಟನ್ನಿನಿಂದ ಕಾಲು ತಾಸು. ಜನಸಂಖ್ಯೆ 17 ಸಾವಿರದ ಆಸುಪಾಸು. ಸೌತ್ ಡೌನ್ಸ್ ಎಂಬ ಸುಣ್ಣಕಲ್ಲಿನ ಗುಡ್ಡಸಾಲಿನ ನಡುವೆ ಊಸ್ ನದಿ ದಾರಿ ಮಾಡಿಕೊಂಡ ಕಡೆ ಊರು ಕೂತಿದೆ. ಹೈ ಸ್ಟ್ರೀಟ್ ಗುಡ್ಡದ ನೆತ್ತಿಯಿಂದ ನದಿಯ ಸೇತುವೆವರೆಗೆ ಇಳಿಯುತ್ತದೆ. ಸೇತುವೆ ದಾಟಿದರೆ ಕ್ಲಿಫ್ ಎಂಬ ಕೇರಿ. ಇಷ್ಟು ನೆನಪಿಟ್ಟುಕೊಳ್ಳಿ, ಮುಂದಿನ ಕತೆಗೆಲ್ಲ ಈ ಇಳಿಜಾರು ಬೇಕು.

ಅವತ್ತು ಸಂಜೆ ಏನೇನು ಆಗುತ್ತದೆ?

ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕಿ ಗಾಜಿನ ಮುಂದೆ ಹಲಗೆ ಹೊಡೆಯುತ್ತವೆ. ಕತ್ತಲಾಗುತ್ತಿದ್ದಂತೆ ಕೇರಿ ಕೇರಿಯಿಂದ ಮೆರವಣಿಗೆ ಹೊರಡುತ್ತದೆ. ಆರು ಸೊಸೈಟಿಗಳು, ಒಂದೊಂದಕ್ಕೂ ತನ್ನದೇ ದಾರಿ, ತನ್ನದೇ ಬ್ಯಾಂಡು, ತನ್ನದೇ ಪಟ್ಟೆಪಟ್ಟೆ ಜೆರ್ಸಿ. ಕ್ಲಿಫ್‌ನವರದು ಕಪ್ಪು-ಬಿಳಿ, ಬರೋ ಸೊಸೈಟಿಯವರದು ನೀಲಿ-ಬಿಳಿ, ಕಮರ್ಷಿಯಲ್ ಸ್ಕ್ವೇರ್‌ನವರದು ಕಪ್ಪು-ಹೊಂಬಣ್ಣ. ಸಾವಿರಾರು ಪಂಜುಗಳು. ಉರಿಯುವ ಡಾಂಬರಿನ ಪೀಪಾಯಿಗಳನ್ನು ಕಬ್ಬಿಣದ ಗಾಡಿಯ ಮೇಲಿಟ್ಟು ಓಡಿಕೊಂಡು ಎಳೆಯುತ್ತಾರೆ. ಉರಿಯುವ 17 ಶಿಲುಬೆಗಳನ್ನು ಹೊತ್ತು ಸಾಗುತ್ತಾರೆ. ಯುದ್ಧ ಸ್ಮಾರಕದ ಹತ್ತಿರ ಬಂದಾಗ ನಗಾರಿ ನಿಲ್ಲುತ್ತದೆ, ಎರಡೂ ಮಹಾಯುದ್ಧಗಳಲ್ಲಿ ಸತ್ತವರಿಗೆ ಹೂವಿನ ಚಕ್ರ ಇಡುತ್ತಾರೆ. ಆ ಒಂದೆರಡು ನಿಮಿಷ, ಅಷ್ಟು ಸಾವಿರ ಜನರ ನಡುವೆ, ಪಂಜಿನ ಬೆಂಕಿ ಪಟಪಟ ಅನ್ನುವುದಷ್ಟೇ ಕೇಳುತ್ತದೆ.

ಆಮೇಲೆ ಒಂದೊಂದು ಸೊಸೈಟಿ ಊರಂಚಿನ ತನ್ನ ಮೈದಾನಕ್ಕೆ ಹೋಗಿ ದೊಡ್ಡ ಬೆಂಕಿ ಹಾಕುತ್ತದೆ, ಬಾಣಬಿರುಸು ಹಾರಿಸುತ್ತದೆ, ವರ್ಷದ ಸುದ್ದಿಯಲ್ಲಿದ್ದ ಯಾರದೋ ದೊಡ್ಡ ಪ್ರತಿಕೃತಿಯನ್ನು ಸಿಡಿಸುತ್ತದೆ. ಯಾರನ್ನು ಸುಡುತ್ತಾರೆ ಅನ್ನುವುದು ಆ ರಾತ್ರಿವರೆಗೂ ಗುಟ್ಟು. ಪ್ರತಿಕೃತಿ ಕಟ್ಟುವ ಶೆಡ್ಡಿನೊಳಗೆ ಏನಿದೆ ಅಂತ ಸ್ವಂತ ಹೆಂಡತಿಗೂ ಹೇಳದ ಗಂಡಂದಿರನ್ನು ನೋಡಿದ್ದೇನೆ. ಬೆಂಕಿ ಆರಿದ ಮೇಲೆ ಎಲ್ಲರೂ ತಮ್ಮ ಬೀದಿಗೆ ಮರಳಿ, ಅರ್ಧರಾತ್ರಿ ಹೊತ್ತಿಗೆ ಉಳಿದ ಪಂಜುಗಳನ್ನು ನಡುಬೀದಿಯಲ್ಲಿ ರಾಶಿ ಹಾಕಿ, ಅದರ ಸುತ್ತ ನಿಂತು "ಬಾನ್‌ಫೈರ್ ಪ್ರೇಯರ್ಸ್" ಎಂಬ ಹಳೆಯ ಪದ್ಯ ಒಪ್ಪಿಸುತ್ತಾರೆ. ಅಲ್ಲಿಗೆ ಮುಗಿಯಿತು.

17 ಶಿಲುಬೆ ಯಾಕೆ?

ಎಲ್ಲ ಪ್ರಶ್ನೆಗಳಲ್ಲಿ ಇದಕ್ಕೇ ನಾನು ಸಾವಕಾಶವಾಗಿ ಉತ್ತರ ಹೇಳುವುದು. 1555ರಿಂದ 1557ರೊಳಗೆ, ಕ್ಯಾಥೊಲಿಕಳಾದ ಮೇರಿ ರಾಣಿಯ ಕಾಲದಲ್ಲಿ, 17 ಜನ ಪ್ರಾಟೆಸ್ಟೆಂಟರನ್ನು ಈ ಊರಲ್ಲಿ ಕಂಬಕ್ಕೆ ಕಟ್ಟಿ ಸುಟ್ಟರು. ಹೈ ಸ್ಟ್ರೀಟಿನ ಸ್ಟಾರ್ ಎಂಬ ತಂಗುಮನೆಯ ಎದುರಿಗೆ. ಆ ತಂಗುಮನೆಯ ಜಾಗದಲ್ಲೇ ಈಗ ಟೌನ್ ಹಾಲ್ ಇದೆ. ಕೈದಿಗಳನ್ನು ಇಟ್ಟಿದ್ದ ನೆಲಮಾಳಿಗೆ ಅದರ ಕೆಳಗೆ ಇನ್ನೂ ಉಳಿದಿದೆ.

ಮೊದಲನೆಯವನು ಡಿರಿಕ್ ಕಾರ್ವರ್. ಬ್ರೈಟನ್ನಿನಲ್ಲಿ ಬಿಯರ್ ತಯಾರಿಸುತ್ತಿದ್ದವನು, ಮನೆಯಲ್ಲಿ ಒಂದಷ್ಟು ಜನರನ್ನು ಸೇರಿಸಿ ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದ. ಹಿಡಿದಾಗ ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಜೈಲಿನಲ್ಲಿ ಓದಲು ಕಲಿತ. 1555ರ ಜುಲೈ 22ರಂದು ಸುಡುವ ಹೊತ್ತಿಗೆ ಅಚ್ಚಾದ ಇಂಗ್ಲಿಷನ್ನು ತಡವರಿಸದೆ ಓದುತ್ತಿದ್ದ. ಸಾಯುವುದು ಖಚಿತ ಅಂತ ಗೊತ್ತಿದ್ದೂ ಅಕ್ಷರ ಕಲಿಯಲು ಕೂತವನನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

1557ರ ಜೂನ್ 22ರಂದು ಒಂದೇ ಬೆಂಕಿಯಲ್ಲಿ ಹತ್ತು ಜನ. ಅವರಲ್ಲಿ ರಿಚರ್ಡ್ ವುಡ್‌ಮನ್ ಎಂಬ ಕಬ್ಬಿಣದ ಕುಲುಮೆಗಳ ಯಜಮಾನ ಎಲ್ಲರಿಗೂ ಗೊತ್ತಿರುವವನು. ಅದೇ ಬೆಂಕಿಯಲ್ಲಿ ಮಾರ್ಜರಿ ಮಾರಿಸ್ ಎಂಬ ತಾಯಿ, ಜೇಮ್ಸ್ ಎಂಬ ಅವಳ ಮಗ. ಇನ್ನಿಬ್ಬರು ಹೆಂಗಸರ ಹೆಸರೇ ದಾಖಲೆಯಲ್ಲಿ ಉಳಿದಿಲ್ಲ. "ಆಶ್‌ಡನ್‌ನ ಹೆಂಡತಿ", "ಗ್ರೋವ್‌ನ ಹೆಂಡತಿ", ಅಷ್ಟೇ. ಊರಿನ ಮೂಡಣಕ್ಕಿರುವ ಕ್ಲಿಫ್ ಗುಡ್ಡದ ಮೇಲೆ 1901ರಲ್ಲಿ ಇವರೆಲ್ಲರಿಗೆ ಎತ್ತರದ ಕಲ್ಲುಕಂಬ ನಿಲ್ಲಿಸಿದರು. ಊರಿನ ಬಹಳಷ್ಟು ಕಡೆಯಿಂದ ಅದು ಕಾಣುತ್ತದೆ.

ಗೈ ಫಾಕ್ಸ್ ನೈಟ್ ಇಡೀ ಇಂಗ್ಲೆಂಡಿನಲ್ಲಿದೆ. ಇಲ್ಲಿಯದೇ ಯಾಕಿಷ್ಟು ಜೋರು?

1605ರ ನವೆಂಬರ್ 5ರಂದು ಪಾರ್ಲಿಮೆಂಟಿನ ಕೆಳಗೆ 36 ಪೀಪಾಯಿ ಸಿಡಿಮದ್ದಿನ ಜೊತೆ ಗೈ ಫಾಕ್ಸ್ ಸಿಕ್ಕಿಬಿದ್ದ. ಪ್ರಾಟೆಸ್ಟೆಂಟ್ ದೊರೆಯನ್ನು ಕೊಲ್ಲಲು ಸಂಚು ಹೂಡಿದ್ದ ಕ್ಯಾಥೊಲಿಕರ ಗುಂಪಿನವನು. ಆ ದಿನವನ್ನು ಪ್ರತಿ ವರ್ಷ ಆಚರಿಸಲೇಬೇಕು ಎಂಬ ಕಾನೂನೇ ಇತ್ತು, ಅದು ರದ್ದಾದದ್ದು 1859ರಲ್ಲಿ. ಬೇರೆ ಊರುಗಳಲ್ಲಿ ಹಬ್ಬ ನಿಧಾನಕ್ಕೆ ತಣ್ಣಗಾಗಿ, ಪಾರ್ಕಿನಲ್ಲಿ ಪಟಾಕಿ ನೋಡಿ ಮನೆಗೆ ಹೋಗುವ ಸಂಜೆಯಾಯಿತು.

ಲೂಯಿಸ್‌ನಲ್ಲಿ ಆ ಹೊತ್ತಿಗೆ ಅದು ಹೈ ಸ್ಟ್ರೀಟಿನಲ್ಲೇ ಬೆಂಕಿ ಹಾಕಿ, ಉರಿಯುವ ಪೀಪಾಯಿ ಉರುಳಿಸುವ ರಾತ್ರಿಯಾಗಿತ್ತು. ಮ್ಯಾಜಿಸ್ಟ್ರೇಟರು ನಿಲ್ಲಿಸಲು ನೋಡಿದರು. 1847ರಲ್ಲಿ ಲಂಡನ್ನಿನಿಂದ ಪೊಲೀಸರನ್ನು ಕರೆಸಿದರು, ಬೀದಿಯಲ್ಲಿ ದೊಡ್ಡ ಹೊಡೆದಾಟವಾಯಿತು. ಜನರೂ ಬಗ್ಗಲಿಲ್ಲ, ಆಡಳಿತವೂ ಪೂರ್ತಿ ಗೆಲ್ಲಲಿಲ್ಲ. ಕೊನೆಗೆ ಬೆಂಕಿ ಹಾಕುತ್ತಿದ್ದ "ಬಾನ್‌ಫೈರ್ ಬಾಯ್ಸ್" ತಾವೇ ಸಂಘ ಕಟ್ಟಿಕೊಂಡರು: 1853ರಲ್ಲಿ ಕ್ಲಿಫ್ ಮತ್ತು ಬರೋ, 1855ರಲ್ಲಿ ಕಮರ್ಷಿಯಲ್ ಸ್ಕ್ವೇರ್. ಸೌತ್ ಸ್ಟ್ರೀಟ್ 1913ರದು, ವಾಟರ್‌ಲೂ 1964ರದು. ಸದೋವರ್‌ನವರದು ಹಳೆಯದೇ, ನಡುವೆ ನಿಂತುಹೋಗಿ 2005ರಲ್ಲಿ ಮತ್ತೆ ಹುಟ್ಟಿತು. ಬೆಂಕಿ ಹಾಕುವವರೇ ಅದರ ಜವಾಬ್ದಾರಿ ಹೊತ್ತರು. ಹಬ್ಬ ಉಳಿದದ್ದು ಈ ಸಂಘಗಳಿಂದ. ಸರ್ಕಾರದ ದುಡ್ಡಿನಿಂದ ನಡೆದಿದ್ದರೆ ಎಂದೋ ಯಾವುದೋ ಮೀಟಿಂಗಿನಲ್ಲಿ ಇದನ್ನು ಕೈಬಿಡುತ್ತಿದ್ದರು ಅಂತ ನಾನು ನಂಬುತ್ತೇನೆ.

ಕ್ಲಿಫ್‌ನವರು ಈಗಲೂ ಉರಿಯುವ ಪೀಪಾಯಿಯೊಂದನ್ನು ಸೇತುವೆಯ ಮೇಲಿಂದ ಊಸ್ ನದಿಗೆ ಎಸೆಯುತ್ತಾರೆ. ಗುಂಪು ಚದುರಲಿ ಅಂತ ಗಲಭೆ ಕಾಯ್ದೆ ಓದಲು ಬಂದ ಮ್ಯಾಜಿಸ್ಟ್ರೇಟನನ್ನು ನದಿಗೆ ದಬ್ಬಿದ ನೆನಪಿಗೆ ಅನ್ನುತ್ತದೆ ಊರು. ಇದೇ ಕ್ಲಿಫ್‌ನವರು ಉಳಿದ ಸೊಸೈಟಿಗಳ ಒಟ್ಟು ಮೆರವಣಿಗೆಗೆ ಸೇರುವುದಿಲ್ಲ, ತಮ್ಮ ದಾರಿ ತಮಗೆ.

ಸೊಸೈಟಿಯವರು ವರ್ಷವೆಲ್ಲ ಏನು ಮಾಡುತ್ತಾರೆ?

ಪಂಜು ಕಟ್ಟುತ್ತಾರೆ. ಒಂದೇ ರಾತ್ರಿಗೆ ಬೇಕಾದ ಸಾವಿರಾರು ಪಂಜು ಬೇಸಿಗೆಯಿಂದಲೇ ಕೈಯಲ್ಲಿ ತಯಾರಾಗಬೇಕು. ಕೋಲಿನ ತುದಿಗೆ ಗೋಣಿಬಟ್ಟೆಯ ಪಟ್ಟಿಯನ್ನು ಎಳೆದೆಳೆದು ಬಿಗಿಯಾಗಿ ಸುತ್ತಬೇಕು. ಸಡಿಲವಾದರೆ ನಡೆಯುವಾಗ ಬೆಂಕಿಯುಂಡೆ ಕಳಚಿ ಹಿಂದಿನವರ ಕಾಲ ಮೇಲೆ ಬೀಳುತ್ತದೆ. ಮೇಲೆ ತಂತಿ ಸುತ್ತಿ ಇಕ್ಕಳದಲ್ಲಿ ತಿರುಚಬೇಕು, ತಂತಿಯ ತುದಿ ಒಳಗೆ ಮಡಚಬೇಕು. ಆಮೇಲೆ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಸೋರಲು ಬಿಟ್ಟು, ಕಟ್ಟುಕಟ್ಟಾಗಿ ಜೋಡಿಸಿಡಬೇಕು. ಮೊದಲ ವರ್ಷ ನಾನು ಸುತ್ತಿದ್ದ ಪಂಜನ್ನು ಪಕ್ಕದಲ್ಲಿ ಕೂತಿದ್ದ 70 ದಾಟಿದ ಹಿರಿಯರೊಬ್ಬರು ಕೈಗೆ ತಗೊಂಡು ಒಮ್ಮೆ ಒದರಿದರು, ಬಟ್ಟೆ ಕಳಚಿ ನೆಲಕ್ಕೆ ಬಿತ್ತು. ಏನೂ ಅನ್ನದೆ ಅದೇ ಬಟ್ಟೆಯನ್ನು ನನ್ನ ಕೈಗಿಟ್ಟು, ಹೆಬ್ಬೆರಳು ಎಲ್ಲಿ ಒತ್ತಬೇಕು ಅಂತ ತೋರಿಸಿದರು. ಹಸಿ ಗೋಣಿಯ ವಾಸನೆ, ಬೆರಳ ಸಂದಿಯಲ್ಲಿ ಸೀಮೆಎಣ್ಣೆಯ ಜಿಡ್ಡು; ಆ ವಾರವೆಲ್ಲ ಅನ್ನ ಕಲಸಿದರೂ ಅದೇ ವಾಸನೆ.

ಉಳಿದ ಕೆಲಸಕ್ಕೆ ಲೆಕ್ಕವಿಲ್ಲ. ವೇಷಗಳನ್ನು ಹೊಲಿಯಬೇಕು, ಬೆಂಕಿಗೆ ಹಳೆಯ ಮರ ಒಟ್ಟಬೇಕು, ಪೊಲೀಸ್, ಅಗ್ನಿಶಾಮಕ ದಳ, ಕೌನ್ಸಿಲ್ ಜೊತೆ ಸಭೆಗಳು, ಪ್ರಥಮ ಚಿಕಿತ್ಸೆಯ ತರಬೇತಿ. ಹಣಕ್ಕೆ ಸದಸ್ಯರ ಚಂದಾ, ಮೆರವಣಿಗೆಯಲ್ಲಿ ಡಬ್ಬಿ ಹಿಡಿದು ಎತ್ತುವ ಕಾಸು, ಕಾರ್ಯಕ್ರಮದ ಪುಸ್ತಿಕೆ ಮಾರಾಟ, ವರ್ಷವಿಡೀ ಕ್ವಿಜ್ಜು, ಜಾತ್ರೆ. ಯಾರಿಗೂ ಸಂಬಳವಿಲ್ಲ.

ಸೆಪ್ಟೆಂಬರಿನಿಂದ "ಔಟ್‌ಮೀಟಿಂಗ್" ಶುರು. ಸಸೆಕ್ಸ್‌ನ ಬೇರೆ ಊರುಗಳಲ್ಲೂ ಬಾನ್‌ಫೈರ್ ಸೊಸೈಟಿಗಳಿವೆ. ಅಕ್‌ಫೀಲ್ಡ್‌ನಲ್ಲಿ ಸೆಪ್ಟೆಂಬರ್ ಮೊದಲಿಗೆ, ಹೇಸ್ಟಿಂಗ್ಸ್‌ನಲ್ಲಿ ಅಕ್ಟೋಬರ್ ನಡುವಿಗೆ, ರಾಬರ್ಟ್ಸ್‌ಬ್ರಿಡ್ಜ್‌ನಲ್ಲಿ ನವೆಂಬರಿನಲ್ಲಿ ನಮ್ಮದಾದ ಮೇಲೆ, ಹೀಗೆ ವಾರಕ್ಕೊಂದು ಊರು. ನಾವು ಅವರಲ್ಲಿಗೆ ಹೋಗಿ ಪಂಜು ಹಿಡಿಯುತ್ತೇವೆ, ಅವರು ನಮ್ಮಲ್ಲಿಗೆ ಬರುತ್ತಾರೆ. ಊರಲ್ಲಿ ಮದುವೆಗೆ ಮುಯ್ಯಿ ಮಾಡುವ ಹಾಗೆ, ಯಾರು ಬಂದರು ಯಾರು ಬರಲಿಲ್ಲ ಅನ್ನುವುದು ನೆನಪಿರುತ್ತದೆ.

ಇದು ಕ್ಯಾಥೊಲಿಕರ ವಿರುದ್ಧದ ಹಬ್ಬವಲ್ಲವೇ?

ಹುಟ್ಟಿನಲ್ಲಿ ಹೌದು. 1605ರಲ್ಲಿ ಪೋಪ್ ಆಗಿದ್ದ ಐದನೇ ಪಾಲ್‌ನ ಪ್ರತಿಕೃತಿಯನ್ನು ಕ್ಲಿಫ್ ಸೊಸೈಟಿ ಈಗಲೂ ಸುಡುತ್ತದೆ, "ನೋ ಪೋಪರಿ" (ಪೋಪನ ಮತ ಬೇಡ) ಎಂಬ ಹಳೆಯ ಬ್ಯಾನರನ್ನೂ ಹಿಡಿಯುತ್ತದೆ. ಇದು ಇತಿಹಾಸದ ಪೋಪ್, ಈಗಿನವರಲ್ಲ, ಈಗಿನ ಕ್ಯಾಥೊಲಿಕರ ಮೇಲೆ ನಮಗೆ ದ್ವೇಷವಿಲ್ಲ ಅನ್ನುವುದು ಅವರ ಮಾತು. ಆ ಮಾತಿಗೆ ಒಂದು ಸಾಕ್ಷಿಯಿದೆ. 1981ರಲ್ಲಿ ಉತ್ತರ ಐರ್ಲೆಂಡಿನ ಕಟ್ಟಾ ಪ್ರಾಟೆಸ್ಟೆಂಟ್ ನಾಯಕ ಇಯಾನ್ ಪೇಸ್ಲಿ ಇಲ್ಲಿಗೆ ಬಂದು ಕ್ಯಾಥೊಲಿಕರ ವಿರುದ್ಧ ಕರಪತ್ರ ಹಂಚಿದರು, ತನ್ನವರೇ ಸಿಕ್ಕರು ಅಂದುಕೊಂಡು. ಮರುವರ್ಷ ಊರು ಪೇಸ್ಲಿಯವರ ಪ್ರತಿಕೃತಿಯನ್ನೇ ಸುಟ್ಟಿತು.

ಹಾಗಂತ ಎಲ್ಲರಿಗೂ ಸಮಾಧಾನವಿದೆ ಅಂತ ನಾನು ಹೇಳುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬಳು ಕ್ಯಾಥೊಲಿಕಳು, ಇದೇ ಊರಿನವಳು, ಆ ಬ್ಯಾನರ್ ಬರುವ ಬೀದಿಗೆ ಅವಳು ಹೋಗುವುದಿಲ್ಲ. ಅವಳ ನೋವು ನಿಜ. ಆ ಬ್ಯಾನರನ್ನು ವಸ್ತುಸಂಗ್ರಹಾಲಯದಲ್ಲಿಟ್ಟರೆ ಹಬ್ಬಕ್ಕೇನೂ ಊನವಾಗದು ಅನ್ನುವುದು ನನ್ನ ಅಭಿಪ್ರಾಯ. ಸುಟ್ಟವರ ಮೇಲಿನ ಸಿಟ್ಟಿಗಿಂತ, ಸತ್ತ ಹದಿನೇಳು ಜನರ ಹೆಸರು ನನಗೆ ಮುಖ್ಯ. ಸೊಸೈಟಿಯೊಳಗೆ ಇದನ್ನು ಹೇಳಿದ್ದೇನೆ. ಒಪ್ಪಿದವರೂ ಇದ್ದಾರೆ, ಒಪ್ಪದವರೂ ಇದ್ದಾರೆ.

ಮುಖಕ್ಕೆ ಕಪ್ಪು ಬಳಿದುಕೊಳ್ಳುತ್ತಾರೆ ಅಂತ ಕೇಳಿದ್ದೆವು.

ವೈಕಿಂಗ್, ಮಂಗೋಲ್, ಜುಲು, ಅಮೆರಿಕದ ಮೂಲನಿವಾಸಿ, ಹೀಗೆ ಒಂದೊಂದು ಸೊಸೈಟಿಗೆ ಒಂದೊಂದು ವೇಷದ ಪರಂಪರೆ. ಬರೋ ಸೊಸೈಟಿಯ ಜುಲು ವೇಷದವರು ಮುಖಕ್ಕೆ ಕಪ್ಪು ಬಳಿಯುತ್ತಿದ್ದರು. 2017ರಲ್ಲಿ, ಅತಿಥಿಗಳಾಗಿ ಬರಬೇಕಿದ್ದ ಜುಲು ನರ್ತಕರೇ ಅದನ್ನು ಆಕ್ಷೇಪಿಸಿದರು, ಊರಲ್ಲೂ ಸಹಿ ಸಂಗ್ರಹವಾಯಿತು, ಸೊಸೈಟಿ ಆ ಪದ್ಧತಿ ಬಿಟ್ಟಿತು. ಕಂದು ಬಣ್ಣದ ಚರ್ಮ ಹೊತ್ತು ಈ ಊರಲ್ಲಿ ಬದುಕುವವಳಾಗಿ ನನಗೆ ಅದು ದೊಡ್ಡ ನಿರಾಳ.

ಇದು ಅವರ ದೀಪಾವಳಿನಾ?

ಹೊತ್ತು ಮಾತ್ರ ಹತ್ತಿರ ಹತ್ತಿರ ಬೀಳುತ್ತದೆ, ಮನಸ್ಸು ಬೇರೆ. ದೀಪಾವಳಿಯಲ್ಲಿ ಮನೆಗೆ ಯಾರೋ ಬರುತ್ತಾರೆ ಅಂತ ದೀಪ ಹಚ್ಚುತ್ತೇವೆ. ಬಲೀಂದ್ರ, ಲಕ್ಷ್ಮಿ, ಹೊಸ ಅಳಿಯ. ಇಲ್ಲಿ ಸತ್ತವರನ್ನು ಮರೆಯಬಾರದು ಅಂತ ಬೀದಿಗಿಳಿಯುತ್ತಾರೆ. ಸಿಹಿ ಇಲ್ಲ, ಹೊಸಬಟ್ಟೆ ಇಲ್ಲ. ಹಾಕಿಕೊಂಡು ಹೋದ ಬಟ್ಟೆ ಕಿಡಿ ಬಿದ್ದು ತೂತಾಗುತ್ತದೆ. ನಮ್ಮನೆಯಲ್ಲಿ ಎರಡನ್ನೂ ಮಾಡುತ್ತೇವೆ. ಒಂದಕ್ಕೆ ಉಳಿದ ಹಣತೆ ಎಣ್ಣೆ ಇನ್ನೊಂದಕ್ಕೆ ಉಪಯೋಗವಿಲ್ಲ, ಅಷ್ಟೇ.

ಸರಿ, ನವೆಂಬರ್ 5ಕ್ಕೆ ನಾವು ಬರಬಹುದಾ?

ನನ್ನ ಉತ್ತರದಿಂದ ಕೆಲವರಿಗೆ ಬೇಸರವಾಗಿದೆ, ಆದರೂ ಹೇಳುತ್ತೇನೆ: ಊರಲ್ಲಿ ಯಾರ ಮನೆಯಲ್ಲೂ ಉಳಿಯುವ ಏರ್ಪಾಡಿಲ್ಲದಿದ್ದರೆ ಬರಬೇಡಿ. ಕೌನ್ಸಿಲ್, ಪೊಲೀಸ್, ಸೊಸೈಟಿಗಳು ಎಲ್ಲರೂ ವರ್ಷ ವರ್ಷ ಇದನ್ನೇ ಕೇಳಿಕೊಳ್ಳುತ್ತಾರೆ. ಹೈ ಸ್ಟ್ರೀಟ್ ಮಧ್ಯಯುಗದ ಬೀದಿ, ಕೆಲವು ಕಡೆ ಎರಡು ಕಾರು ಅಕ್ಕಪಕ್ಕ ಹೋಗುವುದೇ ಕಷ್ಟ. ಅಲ್ಲಿಗೆ ಹತ್ತಾರು ಸಾವಿರ ಜನ ಬಂದರೆ, ನಡುವೆ ಉರಿಯುವ ಪೀಪಾಯಿ ಓಡುತ್ತಿದ್ದರೆ, ಏನಾಗಬಹುದು ಯೋಚಿಸಿ. ಇತ್ತೀಚಿನ ವರ್ಷಗಳಲ್ಲಿ ಅವತ್ತು ಸಂಜೆ ರೈಲುಗಳು ಲೂಯಿಸ್‌ನಲ್ಲಿ ನಿಲ್ಲುವುದಿಲ್ಲ. ರಸ್ತೆಗಳು ಮುಚ್ಚಿರುತ್ತವೆ. ಕಾರು ತಂದು ಹಳ್ಳಿಯ ಅಂಚಿನಲ್ಲಿ ನಿಲ್ಲಿಸಿ ನಡೆದು ಬರುತ್ತೇವೆ ಅನ್ನುವವರು ರಾತ್ರಿ ಒಂದು ಗಂಟೆಗೆ ಚಳಿಯಲ್ಲಿ ಕತ್ತಲ ರಸ್ತೆ ಹುಡುಕುತ್ತಿರುತ್ತಾರೆ. ಬೆಂಕಿ ಮೈದಾನಗಳಿಗೆ ಮೊದಲೇ ಟಿಕೆಟ್ ತಗೊಂಡಿರಬೇಕು.

ಪಂಜಿನ ಮೆರವಣಿಗೆ ನೋಡಲೇಬೇಕು ಅನ್ನುವ ಆಸೆಯಿದ್ದರೆ ಸಸೆಕ್ಸ್‌ನ ಚಿಕ್ಕ ಊರಿನ ಬಾನ್‌ಫೈರಿಗೆ ಹೋಗಿ. ಹತ್ತಿರ ನಿಂತು ನೋಡಬಹುದು, ಮೆರವಣಿಗೆ ನಡೆಸುವವರ ಜೊತೆ ಮಾತಾಡಬಹುದು. ಅಲ್ಲಿಗೆ ಬಂದ ಸೊಸೈಟಿಗಳಲ್ಲಿ ನಮ್ಮೂರಿನವೂ ಇರುತ್ತವೆ.

ಆದರೂ ಬಂದೇ ಬರುತ್ತೇವೆ. ಮಕ್ಕಳಿದ್ದಾರೆ.

ಹತ್ತಿಯ ಹಳೆಯ ಬಟ್ಟೆ, ಮುಚ್ಚಿದ ಶೂ. ಸೀರೆ, ದುಪಟ್ಟಾ, ನೈಲಾನ್ ಜಾಕೆಟ್ ಖಂಡಿತ ಬೇಡ. ಕಿವಿಗೆ ಹತ್ತಿ ಸಾಲದು, ಮಕ್ಕಳಿಗೆ ಇಯರ್ ಡಿಫೆಂಡರ್ ಹಾಕಿ. ಗೋಡೆಗಳ ನಡುವೆ ಸಿಡಿಯುವ ಪಟಾಕಿಯ ಸದ್ದು ಎದೆಗೇ ಬಡಿಯುತ್ತದೆ. ತಳ್ಳುಗಾಡಿ, ನಾಯಿ ತರಬೇಡಿ. ಪಟಾಕಿ ತರಬೇಡಿ. ಅಸ್ತಮಾ ಇದ್ದವರು ಹೊಗೆಯಲ್ಲಿ ಒದ್ದಾಡುತ್ತಾರೆ. ಐದು ವರ್ಷದೊಳಗಿನ ಮಗುವನ್ನು ಜನಜಂಗುಳಿಗೆ ತರುವುದು ತಪ್ಪು ಅಂತಲೇ ನನ್ನ ಮಾತು. ಅಂಗಡಿಗಳು ಮುಚ್ಚಿರುವುದರಿಂದ ಊಟಕ್ಕೆ ಚಪಾತಿ-ಪಲ್ಯ ಕಟ್ಟಿಕೊಂಡಿರಿ.

ಯಾವಾಗಲೂ 5ನೇ ತಾರೀಖೇನಾ?

ಭಾನುವಾರ ಬಿದ್ದರೆ ಹಿಂದಿನ ಶನಿವಾರ. 2017 ಮತ್ತು 2023ರಲ್ಲಿ ಹಾಗೆ ನವೆಂಬರ್ 4ರಂದು ಆಯಿತು, ಮುಂದೆ 2028ರಲ್ಲೂ ಭಾನುವಾರ ಬೀಳುತ್ತದೆ. ಊರವರ ಬಾಯಲ್ಲಿ ದಿನ ಯಾವುದಾದರೂ ಹೆಸರು "ದಿ ಫಿಫ್ತ್".

ಬೇರೆ ದಿನ ಬಂದರೆ ನೋಡಲು ಏನಿದೆ?

ಇದನ್ನು ಕೇಳುವವರು ಸಿಕ್ಕರೆ ನನಗೆ ಖುಷಿ. ಬೆಳಗ್ಗೆ ಹತ್ತು ಗಂಟೆ ರೈಲಿಗೆ ಬಂದು, ಸಂಜೆ ಹಿಂತಿರುಗಿ. ನಡೆಯಲು ಗಟ್ಟಿ ಚಪ್ಪಲಿ ಇರಲಿ.

ಮೊದಲು ಕೋಟೆ. 1066ರ ನಾರ್ಮನ್ ವಿಜಯವಾದ ಕೆಲವೇ ವರ್ಷಗಳಲ್ಲಿ ವಿಲಿಯಂ ಡಿ ವಾರೆನ್ ಕಟ್ಟಿಸಿದ್ದು. ಒಂದೇ ಕೋಟೆಗೆ ಎರಡು ಮಣ್ಣುದಿಬ್ಬಗಳಿರುವುದು ಅಪರೂಪ, ಇಂಗ್ಲೆಂಡಿನಲ್ಲಿ ಲಿಂಕನ್ ಕೋಟೆಯಲ್ಲಿ ಬಿಟ್ಟರೆ ಇಲ್ಲೇ. ಮೇಲೆ ಹತ್ತಿದರೆ ಹಂಚಿನ ಮಾಡುಗಳು, ನದಿ, ಸುಣ್ಣದ ಗುಡ್ಡಗಳು. ಪಶ್ಚಿಮಕ್ಕೆ ಕಾಣುವ ದಿಬ್ಬದ ಮೇಲೆ 1264ರ ಮೇ 14ರಂದು ಸೈಮನ್ ಡಿ ಮಾಂಟ್‌ಫೋರ್ಟ್ ಮೂರನೇ ಹೆನ್ರಿಯನ್ನು ಸೋಲಿಸಿದ. ಸೋತ ದೊರೆ ಕೆಳಗಿನ ಮಠಕ್ಕೆ ಓಡಿಹೋಗಿ ಅಡಗಿದ. ಮರುವರ್ಷ ಮಾಂಟ್‌ಫೋರ್ಟ್ ಕರೆದ ಸಭೆಗೆ ಪಟ್ಟಣಗಳ ಪ್ರತಿನಿಧಿಗಳೂ ಬಂದರು, ಇಂಗ್ಲೆಂಡಿನ ಪಾರ್ಲಿಮೆಂಟಿನ ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿದೆ.

ಆ ಮಠ, ಸೇಂಟ್ ಪ್ಯಾಂಕ್ರಸ್ ಪ್ರಯರಿ, ಈಗ ಹುಲ್ಲಿನ ನಡುವಿನ ಕಲ್ಲುಮೋಟುಗಳು. ಎಂಟನೇ ಹೆನ್ರಿಯ ಕಾಲದಲ್ಲಿ ಇಟಲಿಯ ಎಂಜಿನಿಯರನ್ನು ಕರೆಸಿ ಬೀಳಿಸಿದರು. ಉಳಿದದ್ದರ ನಡುವೆಯೇ 1845ರಲ್ಲಿ ರೈಲು ಹಳಿ ಹಾಕಲು ಅಗೆದಾಗ ಸೀಸದ ಎರಡು ಪೆಟ್ಟಿಗೆ ಸಿಕ್ಕವು, ಮೇಲೆ ಹೆಸರು: ವಿಲಿಯಂ, ಗುಂಡ್ರಾಡಾ. ಮಠ ಕಟ್ಟಿಸಿದ ಗಂಡ-ಹೆಂಡತಿಯ ಮೂಳೆಗಳು. ಅವನ್ನೀಗ ಹತ್ತಿರದ ಸದೋವರ್ ಚರ್ಚಿನಲ್ಲಿಟ್ಟಿದ್ದಾರೆ. ಬ್ರೈಟನ್ ಕಡೆಯ ರೈಲು ಹತ್ತಿದರೆ ಇದನ್ನು ನೆನಪು ಮಾಡಿಕೊಳ್ಳಿ.

ಹೈ ಸ್ಟ್ರೀಟಿನಿಂದ ಎರಡೂ ಕಡೆ ಇಳಿಯುವ ಓಣಿಗಳಿಗೆ ಇಲ್ಲಿ "ಟ್ವಿಟನ್" ಅನ್ನುತ್ತಾರೆ. ಎರಡು ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತವೆ. ಗೋಡೆಗಳಲ್ಲಿ ಕಪ್ಪು ಚಕಮಕಿ ಕಲ್ಲು. ಆನ್ ಆಫ್ ಕ್ಲೀವ್ಸ್ ಮನೆ ಅಂತ ಒಂದಿದೆ, ಎಂಟನೇ ಹೆನ್ರಿ ಬಿಟ್ಟ ನಾಲ್ಕನೇ ರಾಣಿಗೆ ಪರಿಹಾರವಾಗಿ ಬಂದದ್ದು. ಅವಳು ಇಲ್ಲಿ ಒಂದು ದಿನವೂ ವಾಸಿಸಲಿಲ್ಲ. ಮನೆ ಮಾತ್ರ ಚೆಂದ. ಬೇಸಿಗೆಯಾದರೆ ಪೆಲ್ಸ್ ಪೂಲ್‌ನಲ್ಲಿ ಈಜಿ. 1860ರ ಬಯಲು ಕೊಳ, ಊಟೆಯ ನೀರು ತುಂಬುತ್ತದೆ. ಇಳಿದ ಕೂಡಲೇ ಉಸಿರು ಹಿಡಿಯುವಷ್ಟು ತಣ್ಣಗೆ.

ಸೌತ್ ಸ್ಟ್ರೀಟಿನ ಕೊನೆಗೆ ಸ್ನೋಡ್ರಾಪ್ ಎಂಬ ಪಬ್ ಇದೆ. ಹೂವಿನ ಹೆಸರು ಅಂದುಕೊಳ್ಳಬೇಡಿ. 1836ರ ಡಿಸೆಂಬರ್ 27ರಂದು ಕ್ಲಿಫ್ ಗುಡ್ಡದ ಅಂಚಿನಲ್ಲಿ ಒಟ್ಟಿದ್ದ ಹಿಮ ಕುಸಿದು ಕೆಳಗಿದ್ದ ಬಡವರ ಮನೆಸಾಲಿನ ಮೇಲೆ ಬಿತ್ತು. ಎಂಟು ಜನ ಸತ್ತರು, ಏಳು ಜನರನ್ನು ಬಗೆದು ತೆಗೆದರು. ಬ್ರಿಟನ್ನಿನ ಅತಿ ಘೋರ ಹಿಮಕುಸಿತ ಇಷ್ಟು ಚಿಕ್ಕ ಗುಡ್ಡದಲ್ಲಾಯಿತು. ಅದೇ ಜಾಗದಲ್ಲಿ ಈ ಪಬ್ ಎದ್ದಿತು.

ಬರಹಗಾರ ಟಾಮಸ್ ಪೇನ್ ಇಲ್ಲಿಯವನಾ?

ಹುಟ್ಟಿದ್ದು ಬೇರೆ ಕಡೆ. 1768ರಲ್ಲಿ ಅಬಕಾರಿ ಅಧಿಕಾರಿಯಾಗಿ ಬಂದು 1774ರವರೆಗೆ ಹೈ ಸ್ಟ್ರೀಟಿನ ಬುಲ್ ಹೌಸ್‌ನಲ್ಲಿದ್ದ. ವೈಟ್ ಹಾರ್ಟ್ ಹೋಟೆಲಿನಲ್ಲಿ ಸೇರುತ್ತಿದ್ದ ಚರ್ಚಾಕೂಟದಲ್ಲಿ ವಾದ ಮಾಡಿ ಮಾಡಿ ನಾಲಿಗೆ ಹರಿತ ಮಾಡಿಕೊಂಡ. ಅಬಕಾರಿ ನೌಕರರಿಗೆ ಸಂಬಳ ಹೆಚ್ಚಿಸಿ ಅಂತ 1772ರಲ್ಲಿ ಮನವಿ ಬರೆದ, ಕೊನೆಗೆ ಕೆಲಸ ಹೋಯಿತು, ಅಮೆರಿಕಕ್ಕೆ ಹೊರಟ. 1776ರ ಆರಂಭದಲ್ಲಿ ಅವನ ಕರಪತ್ರ ಅಲ್ಲಿನ ಸ್ವಾತಂತ್ರ್ಯದ ಮಾತನ್ನು ಮನೆಮನೆಗೆ ಮುಟ್ಟಿಸಿತು.

ಊರವರು ಹಠಮಾರಿಗಳು ಅನ್ನುತ್ತಾರಲ್ಲ?

ಸಸೆಕ್ಸ್‌ನ ಹಳೆಯ ಮಾತೊಂದಿದೆ: "ವಿ ವುಂಟ್ ಬಿ ಡ್ರೂವ್", ನಮ್ಮನ್ನ ಯಾರೂ ದನ ಅಟ್ಟಿದ ಹಾಗೆ ಅಟ್ಟೋಕಾಗಲ್ಲ ಅಂತ. 2006ರ ಕೊನೆಗೆ ಲೂಯಿಸ್ ಆರ್ಮ್ಸ್ ಪಬ್‌ನ ಹೊರಗಿನ ಮಾಲೀಕರು ಊರಿನ ಹಾರ್ವೀಸ್ ಬಿಯರನ್ನು ಅಲ್ಲಿ ಮಾರುವುದು ನಿಲ್ಲಿಸಿದರು. ಹಾರ್ವೀಸ್ 1790ರಲ್ಲಿ ಶುರುವಾದದ್ದು, ಅದರ ಬ್ರೂವರಿ ನದಿದಂಡೆಯಲ್ಲಿದೆ. ಬೆಳಗ್ಗೆ ಇಡೀ ಊರಿಗೆ ಬೇಯಿಸಿದ ಧಾನ್ಯದ ವಾಸನೆ ಬರುವುದು ಅಲ್ಲಿಂದ. ಗಿರಾಕಿಗಳು ಪಬ್‌ನ ಬಾಗಿಲ ಮುಂದೆ ಪಾಳಿಯಂತೆ ನಿಂತು ಯಾರೂ ಒಳಗೆ ಹೋಗದ ಹಾಗೆ ನೋಡಿಕೊಂಡರು. 133 ದಿನ. ಮಾಲೀಕರು ಸೋತು ಬಿಯರನ್ನು ವಾಪಸ್ ತಂದರು. ನಾನು ಬಿಯರ್ ಕುಡಿಯುವವಳಲ್ಲ, ಆದರೆ ಈ ಕತೆ ಕೇಳಿದಾಗಲೇ ಈ ಊರಲ್ಲಿ ಇರಬಹುದು ಅನ್ನಿಸಿತ್ತು.

2008ರಲ್ಲಿ ಊರು ಲೂಯಿಸ್ ಪೌಂಡ್ ಎಂಬ ತನ್ನದೇ ನೋಟು ಹೊರತಂದಿತ್ತು, ಮೇಲೆ ಪೇನ್‌ನ ಚಿತ್ರ. ಫುಟ್‌ಬಾಲ್ ಕ್ಲಬ್ 1885ರದು, ಈಗ ಊರವರ ಷೇರಿನಿಂದ ನಡೆಯುತ್ತದೆ. 2017ರಲ್ಲಿ ಹೆಂಗಸರ ತಂಡಕ್ಕೂ ಗಂಡಸರ ತಂಡಕ್ಕೂ ಸಮ ಸಂಭಾವನೆ ಕೊಟ್ಟ ಮೊದಲ ಕ್ಲಬ್ ಇದು. ನನ್ನ ಮಗಳು ಅದೇ ಮೈದಾನದ ಹುಲ್ಲುದಿಬ್ಬದ ಮೇಲೆ ಕೂತು ಆಟ ನೋಡಿ ಬೆಳೆದವಳು.

ಹೊರಗಿನಿಂದ ಬಂದವರನ್ನು ಸೊಸೈಟಿಗೆ ಸೇರಿಸಿಕೊಳ್ಳುತ್ತಾರಾ?

ಊರಲ್ಲಿ ವಾಸವಿದ್ದರೆ, ಕೆಲಸ ಮಾಡುವ ಮನಸ್ಸಿದ್ದರೆ, ಹೌದು. ನಿಯಮ ಒಂದೊಂದು ಸೊಸೈಟಿಯದೂ ಬೇರೆ. ಬಂದ ಮೊದಲ ಮೂರು ವರ್ಷ ನಾನು ಕಿಟಕಿಯಿಂದ ನೋಡುತ್ತಿದ್ದೆ. ನಾಲ್ಕನೇ ವರ್ಷ ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಪಟ್ಟೆಪಟ್ಟೆ ಜೆರ್ಸಿ, ತೀರಿಹೋದ ಗಂಡನದು, ನನ್ನ ಅಳತೆಗೆ ತೋಳು ಮಡಚಿ ಹೊಲಿದಿದ್ದರು. ಭುಜದ ಮೇಲೆ ಕಿಡಿ ಬಿದ್ದ ಎರಡು ತೂತುಗಳನ್ನು ಮಾತ್ರ ಹಾಗೇ ಬಿಟ್ಟಿದ್ದರು. "ಈ ಬೀದಿಯಲ್ಲಿ ಒಂದು ಪಂಜು ಕಡಿಮೆಯಾಗಿದೆ" ಅಂದರು.

ಮರುದಿನ ಊರು ಹೇಗಿರುತ್ತದೆ?

ಹೊಗೆ ವಾಸನೆ ಮೂರು ದಿನ ಪರದೆಯಿಂದ ಹೋಗುವುದಿಲ್ಲ. ಪಂಜುಗಳ ಸುಟ್ಟ ತುದಿಗಳನ್ನು ಆರಿಸಲು ಮೆರವಣಿಗೆಯ ಹಿಂದೆಯೇ ಗಾಡಿಗಳು ಬರುತ್ತವೆ, ರಾತ್ರಿಯೇ ಬಹುಪಾಲು ಗುಡಿಸಿ ಆಗಿರುತ್ತದೆ. ಬೆಳಗ್ಗೆ ಏಳಕ್ಕೆ ನೋಡಿದರೆ ಅಂಗಡಿಗಳವರು ಹಲಗೆ ಬಿಚ್ಚುತ್ತಿರುತ್ತಾರೆ, ಮಕ್ಕಳು ನಿದ್ದೆಗಣ್ಣಲ್ಲಿ ಶಾಲೆಗೆ ಹೊರಟಿರುತ್ತಾರೆ. ನಾವು ಕೆಲವರು ಮೈದಾನಕ್ಕೆ ಹೋಗಿ ಬೂದಿಯಲ್ಲಿ ಉಳಿದ ಮೊಳೆ, ತಂತಿ ಆರಿಸುತ್ತೇವೆ. ದನ ಮೇಯುವ ಹೊಲ ಅದು, ಒಂದು ತುಂಡು ತಂತಿಯೂ ಉಳಿಯಬಾರದು. ಆಯಸ್ಕಾಂತ ಕಟ್ಟಿದ ಕೋಲನ್ನು ಕಪ್ಪು ನೆಲದ ಮೇಲೆ ಹಿಂದೆ ಮುಂದೆ ಎಳೆಯುತ್ತಾ ಹೋದರೆ ಟಿಕ್ ಟಿಕ್ ಅಂತ ಒಂದೊಂದೇ ಅಂಟಿಕೊಳ್ಳುತ್ತವೆ. ಮಧ್ಯಾಹ್ನದವರೆಗೂ ಅದೇ ಕೆಲಸ. ಆ ದಿನ ಬಂದು ಕೈಜೋಡಿಸುತ್ತೇನೆ ಅನ್ನುವವರಿದ್ದರೆ ಹೇಳಿ. ರೈಲು ಅವತ್ತು ನಿಲ್ಲುತ್ತದೆ, ಊಟ ನಮ್ಮನೆಯಲ್ಲಿ.